ಕಾವಲು ಎಂಬ ಪದದ ಎರಡು ಅರ್ಥ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ 'ಕಾವಲು' ಎಂದರೆ ಮೊದಲು ನೆನಪಾಗುವುದು ಹುಲ್ಲುಗಾವಲು. ಬಾಸೂರು ಕಾವಲಿನಂಥ ಬಯಲುಗಳು ಅಮೃತಮಹಲ್ ದನಗಳಿಗೆಂದು ಮೀಸಲಾದವು. ಅದೇ ಪದಕ್ಕೆ ಪಹರೆ, ರಕ್ಷಣೆ ಎಂಬ ಅರ್ಥವೂ ಉಂಟು. ಈ ಎರಡೂ ಅರ್ಥಗಳು ಒಂದಕ್ಕೊಂದು ತಾಗುವ ಪಠ್ಯವೊಂದಿದೆ: 1799ರ ಜುಲೈ 8ರಂದು ಈಸ್ಟ್ ಇಂಡಿಯಾ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರೊಂದಿಗೆ ಮಾಡಿಕೊಂಡ ಸಹಾಯಕ ಸೈನ್ಯದ ಒಪ್ಪಂದ. ಅರಸರಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗಾಗಿ ಓದುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳೂ ಇದನ್ನು ಓದಬೇಕು ಎಂಬುದು ನನ್ನ ವಾದ.

ಒಪ್ಪಂದದ ಭಾಷೆ ಸ್ನೇಹದ ಭಾಷೆ. ಆದರೆ ಅದರ ಕ್ರಿಯಾಪದಗಳನ್ನು ಗಮನಿಸಿ. ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಕಂಪನಿಗೆ ತಿಳಿಯದಂತೆ ಬೇರೆ ರಾಜ್ಯಗಳೊಂದಿಗೆ ಪತ್ರವ್ಯವಹಾರ ನಡೆಸಬಾರದು. ಕಂಪನಿಯ ಸಲಹೆಗೆ ಕಿವಿಗೊಡಬೇಕು. ಹಣ ಬರುವುದು ಅನುಮಾನವೆನಿಸಿದರೆ ಕಂಪನಿ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಳ್ಳಬಹುದು. ಯಾರಿಗೆ ಅನುಮಾನ ಬರಬೇಕು? ಕಂಪನಿಗೇ. ರಕ್ಷಣೆಯ ಭರವಸೆ ಮತ್ತು ರಾಜ್ಯ ಕಳೆದುಕೊಳ್ಳುವ ದಾರಿ, ಎರಡೂ ಒಂದೇ ಕಾಗದದಲ್ಲಿವೆ.

ರಕ್ಷಣೆ ಯಾರಿಂದ? ಆ ಹೊತ್ತಿನಲ್ಲಿ ಮೈಸೂರಿಗೆ ಮರಾಠರ ಭಯ ಸುಳ್ಳಾಗಿರಲಿಲ್ಲ. 1769ರ ಮದ್ರಾಸ್ ಒಪ್ಪಂದದಲ್ಲಿ ಕಂಪನಿ ಮತ್ತು ಹೈದರಾಲಿ ಪರಸ್ಪರ ನೆರವಿಗೆ ಬರುವುದಾಗಿ ಒಪ್ಪಿದ್ದರು. 1771ರಲ್ಲಿ ಮರಾಠರು ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿದಾಗ ಕಂಪನಿ ಬರಲಿಲ್ಲ. ಬಲಿಷ್ಠನ ಮಾತು ಅವನ ಅನುಕೂಲದಷ್ಟೇ ಉದ್ದ ಎಂಬುದಕ್ಕೆ ಇದೊಂದು ಸಾಕ್ಷಿ. 1799ರ ನಂತರ ಪರಿಸ್ಥಿತಿ ತಿರುಗಿತು. 1807ರ ಪೂರಕ ಒಪ್ಪಂದದಂತೆ ಮೈಸೂರು 4000 ಕುದುರೆ ಸವಾರರನ್ನು ಸಾಕಬೇಕಾಯಿತು. ರಕ್ಷಿತನೇ ರಕ್ಷಕನ ಯುದ್ಧಕ್ಕೆ ದಂಡು ಕಳಿಸಿದ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಆಮೇಲೆ ಮೈಸೂರಿನ ಗಡಿಯಲ್ಲಿ ಹೆದರಬೇಕಾದ ನೆರೆಯವನೇ ಉಳಿಯಲಿಲ್ಲ. ಕಳ್ಳ ಇಲ್ಲವಾದರೂ ಕಾವಲುಗಾರನ ಕೂಲಿ ನಿಲ್ಲಲಿಲ್ಲ.

ಆ ಕೂಲಿ ಕೊನೆಗೆ ಬರುತ್ತಿದ್ದದ್ದು ರೈತನ ಕಂದಾಯದಿಂದ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದಾಗ ತರೀಕೆರೆ ಪಾಳೆಯಗಾರ ವಂಶದ ರಂಗಪ್ಪ ನಾಯಕನೂ ಸೇರಿಕೊಂಡ. ದಂಗೆಗೆ ಪೊಗದಿಯೊಂದೇ ಕಾರಣವಲ್ಲ. ಇಷ್ಟು ಹಣ ವಸೂಲಿ ಮಾಡಿಯೇ ತೀರುತ್ತೇನೆಂದು ಅಮಲ್ದಾರರು ಒಪ್ಪಿಕೊಳ್ಳಬೇಕಿದ್ದ ಶರ್ತಿನ ಪದ್ಧತಿ, ಅಧಿಕಾರಿಗಳ ದುರಾಸೆ, ಅರಮನೆಯ ದುಂದುಗಾರಿಕೆ ಎಲ್ಲವೂ ಇದ್ದವು. ಆದರೆ ಹೊರಗಿನ ಶತ್ರುವಿಗೆಂದು ಇಟ್ಟ ಕಂಪನಿಯ ದಂಡು ಬಂದದ್ದು ಈ ರೈತರ ಮೇಲೆ. 1831ರಲ್ಲಿ ಬೆಂಟಿಂಕ್ ಅದೇ ಒಪ್ಪಂದದ ಕಲಮುಗಳನ್ನು ತೋರಿಸಿ ಆಡಳಿತ ಕಿತ್ತುಕೊಂಡ. ಅದು ಮರಳಿದ್ದು 50 ವರ್ಷಗಳ ನಂತರ, 1881ರಲ್ಲಿ. ಆಗಲೂ ಅನುಮತಿಯಿಲ್ಲದೆ ಶಸ್ತ್ರಾಸ್ತ್ರ ತರಿಸಿಕೊಳ್ಳಬಾರದೆಂಬ ಷರತ್ತು ಇತ್ತು.

ಅಮೃತಮಹಲ್‌ನ ಕತೆ ಇದರದೇ ಇನ್ನೊಂದು ಅಧ್ಯಾಯ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಈ ಎತ್ತುಗಳು ಫಿರಂಗಿ, ಮದ್ದುಗುಂಡು ಎಳೆಯುತ್ತಿದ್ದವು. ಹೈದರ್ ಮತ್ತು ಟಿಪ್ಪು ಸೈನ್ಯದ ವೇಗದ ಗುಟ್ಟೇ ಅವು. ಟಿಪ್ಪು ಬಿದ್ದ ಮೇಲೆ ಮಂದೆ ಕಂಪನಿಯ ಸೇನೆಗೆ ದುಡಿಯಿತು. 1860ರಲ್ಲಿ ಖರ್ಚು ಉಳಿಸಲೆಂದು ಅದನ್ನು ಮಾರಿದರು, 1866ರಲ್ಲಿ ಮತ್ತೆ ಕಟ್ಟಿದರು. ಎರಡೂ ತೀರ್ಮಾನ ಮೈಸೂರಿನದಲ್ಲ. ಇಂದು ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಈ ದನಗಳನ್ನು ನೋಡುವವರು ಅವು ಒಂದು ಕಾಲದ ಯುದ್ಧಸಾಮಗ್ರಿ ಎಂಬುದನ್ನು ಮರೆಯಬಾರದು.

ನಮ್ಮ ಕಥನಗಳು ಈ ಕಾಗದಗಳನ್ನು ಎಷ್ಟು ಗಮನಿಸಿವೆ? ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಕಾದಂಬರಿಯನ್ನು ನಾವು ಹೆಚ್ಚಾಗಿ ಅರಸನೊಬ್ಬನ ನೈತಿಕ ಪತನವಾಗಿ ಓದುತ್ತೇವೆ. ಅದು ತಪ್ಪಲ್ಲ. ಆದರೆ ಟಿಪ್ಪುವಿನ ಭಯದಲ್ಲಿದ್ದ ಕೊಡಗು 1790ರಲ್ಲಿ ಕಂಪನಿಯ ಸ್ನೇಹ ಬೆಳೆಸಿತು. 1834ರಲ್ಲಿ ಅದನ್ನು ನುಂಗಿದ್ದು ಟಿಪ್ಪುವಲ್ಲ, ಆ ಸ್ನೇಹಿತ. ಅರಸನ ಕೆಡುಕು ನಿಜ, ಆ ಕೆಡುಕು ಕಂಪನಿಗೆ ಬೇಕಾಗಿತ್ತೆಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವ ಓದು ನಮಗೆ ಬೇಕು. ಇಲ್ಲದಿದ್ದರೆ ಗೆದ್ದವರು ಹೇಳಿದ 'ದುರಾಡಳಿತ'ವೇ ನಮ್ಮ ವಿಮರ್ಶೆಯ ಪದವೂ ಆಗಿಬಿಡುತ್ತದೆ.

ಈ ಓದು ಹಳೆಯ ಕಾಲಕ್ಕಷ್ಟೇ ಅಲ್ಲ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ ರಷ್ಯಾ, ಅಮೆರಿಕ, ಬ್ರಿಟನ್ ಅದರ ಗಡಿಯನ್ನು ಗೌರವಿಸುವ ಆಶ್ವಾಸನೆ ಕೊಟ್ಟವು. ಸೈನ್ಯ ಕಳಿಸುವ ಖಾತರಿ ಕೊಡಲಿಲ್ಲ. 2014ರಲ್ಲಿ ಕ್ರಿಮಿಯಾ ಹೋದಾಗ ಆ ಎರಡು ಪದಗಳ ಅಂತರ ಎಲ್ಲರಿಗೂ ತಿಳಿಯಿತು. 1979ರ ಕಾಯ್ದೆಯಡಿ ತೈವಾನಿಗೆ ಅಮೆರಿಕ ಶಸ್ತ್ರ ಒದಗಿಸುತ್ತದೆ. ಯುದ್ಧಕ್ಕೆ ಬಂದೇ ಬರುತ್ತೇನೆಂದು ಅದರಲ್ಲಿ ಹೇಳಿಲ್ಲ. ಸಣ್ಣ ರಾಷ್ಟ್ರ ಹಾಗಿದ್ದರೂ ಸಹಿ ಹಾಕುತ್ತದೆ, ಏಕೆಂದರೆ ಹೊಸ್ತಿಲಲ್ಲಿ ನಿಂತ ನೆರೆಯವನ ಭಯ ನಿಜವಾದದ್ದು. ಅದನ್ನು ಮೂರ್ಖತನವೆಂದು ಹಳಿಯುವುದು ಸುಲಭ, ನ್ಯಾಯವಲ್ಲ.

ವಿಮರ್ಶಕ ಮಾಡಬಹುದಾದದ್ದು ಇಷ್ಟು: ಇಂಥ ಪ್ರತಿ ಕಾಗದದಲ್ಲೂ ಹಣ ಯಾರ ಹೊಲದಿಂದ ಬರುತ್ತದೆ, ಷರತ್ತು ಮುರಿಯಿತೆಂದು ತೀರ್ಪು ಕೊಡುವವರು ಯಾರು, ಅಪಾಯ ಮುಗಿದ ಮೇಲೆ ಕಾವಲುಗಾರ ಮನೆಗೆ ಹೋಗುತ್ತಾನೆಯೇ ಎಂದು ಕೇಳುವುದು. 1799ರಲ್ಲಿ ಈ ಪ್ರಶ್ನೆಗಳನ್ನು ಕೇಳುವ ಅವಕಾಶ ಕಡೂರು, ತರೀಕೆರೆಯ ರೈತರಿಗೆ ಇರಲಿಲ್ಲ.