ಸೌತೆಕಾಯಿ ಮತ್ತು ಮೂರು ಪಾಯಿಂಟು

ನಮ್ಮ ಅಕ್ಕನ ಮಗ ನೆಟ್‌ಫ್ಲಿಕ್ಸ್ ನೋಡಿ ಫಾರ್ಮುಲಾ ಒನ್‌ಗೆ ಬಂದವನು. ಅದಕ್ಕೆ ನನ್ನ ತಕರಾರಿಲ್ಲ. ನಾನು ಬಂದದ್ದು ಪಕ್ಕದ ಮನೆಯವರ ಕೇಬಲ್ ಟಿ.ವಿ. ನೋಡಿ, ಅದೇನು ಹೆಚ್ಚಿನ ಮರ್ಯಾದೆಯ ದಾರಿಯಲ್ಲ. ಆದರೆ ಮೊನ್ನೆ ಊಟಕ್ಕೆ ಕೂತಾಗ ಅವನು, ‘2021ರ ಮುಂದೆ ಬೇರೆ ಸೀಸನ್ ಎಲ್ಲ ಸಪ್ಪೆ ಬಿಡಿ ಮಾಮ’ ಅಂದುಬಿಟ್ಟ. ತಟ್ಟೆಯಲ್ಲಿ ಕಲಸಿಟ್ಟ ಸಾರನ್ನ ಆರಿಹೋಗುವಷ್ಟು ಹೊತ್ತು ಅವನ ಜೊತೆ ಜಗಳವಾಡಿದೆ. ಅಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

2021 ಸಪ್ಪೆಯಲ್ಲ, ಒಪ್ಪಿದೆ. ಕೊನೆಯ ರೇಸಿಗೆ ಬರುವಾಗ ವರ್ಸ್ಟಾಪನ್ ಮತ್ತು ಹ್ಯಾಮಿಲ್ಟನ್ ಇಬ್ಬರ ಖಾತೆಯಲ್ಲೂ 369.5 ಪಾಯಿಂಟು, ಯಾವ ಕಥೆಗಾರನೂ ಬರೆಯಲು ಹಿಂಜರಿಯುವಂಥ ಸಮಬಲ. ಆದರೆ ಅಬುಧಾಬಿಯ ಆ ಕೊನೆಯ ಸುತ್ತು ಹುಟ್ಟಿದ್ದು ಟ್ರ್ಯಾಕಿನ ಮೇಲಲ್ಲ, ಕಂಟ್ರೋಲ್ ರೂಮಿನಲ್ಲಿ. ಸೇಫ್ಟಿ ಕಾರಿನ ಹಿಂದಿದ್ದ, ಒಂದು ಸುತ್ತು ಹಿಂದುಳಿದ ಕಾರುಗಳಲ್ಲಿ ಇವರಿಬ್ಬರ ನಡುವೆ ಇದ್ದ ಐದಕ್ಕೆ ಮಾತ್ರ ಮುಂದೆ ಹೋಗಲು ಅಪ್ಪಣೆ ಸಿಕ್ಕಿತು, ಉಳಿದವಕ್ಕೆ ಇಲ್ಲ. ವರ್ಸ್ಟಾಪನ್ ಆ ವರ್ಷ ಚಾಂಪಿಯನ್ ಆಗಲು ಯೋಗ್ಯನಾಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಮದುವೆ ಊಟವೆಲ್ಲ ಚೆನ್ನಾಗಿದ್ದು ಪಾಯಸ ತಳ ಹಿಡಿದಿದ್ದರೆ ಮನೆಗೆ ಬಂದಮೇಲೂ ಬಾಯಲ್ಲಿ ಉಳಿಯುವುದು ಆ ಸೀದ ವಾಸನೆಯೇ. ನನಗೆ 2021 ಅಂದರೆ ಇಷ್ಟೇ.

ನನ್ನ ಸೀಸನ್ 2012.

ಇಪ್ಪತ್ತು ರೇಸು. ಗ್ರಿಡ್‌ನಲ್ಲಿ ಆರು ಮಂದಿ ವಿಶ್ವ ಚಾಂಪಿಯನ್ನರು: ಶುಮಾಕರ್, ಅಲೊನ್ಸೊ, ರೈಕೊನೆನ್, ಹ್ಯಾಮಿಲ್ಟನ್, ಬಟನ್, ವೆಟಲ್. (ಇವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿರುವುದು ಅಗೌರವದಿಂದಲ್ಲ, ಭಾನುವಾರ ರಾತ್ರಿಗಳನ್ನು ಒಟ್ಟಿಗೆ ಕಳೆದ ಸಲುಗೆ.) ಕಾರುಗಳು ಮಾತ್ರ ನೋಡಲು ಘೋರ. ಸುರಕ್ಷತೆಯ ನಿಯಮಕ್ಕಾಗಿ ಮೂತಿಯನ್ನು ತಗ್ಗಿಸಿದ ಎಂಜಿನಿಯರುಗಳು ಮೈಯನ್ನು ತಗ್ಗಿಸಲಿಲ್ಲ. ಹಾಗಾಗಿ ಬಹುತೇಕ ಎಲ್ಲ ಕಾರಿನ ಮೂಗಿನ ಮೇಲೂ ಮೆಟ್ಟಿಲಿನಂಥದೊಂದು ಉಬ್ಬು. ಪಿರೆಲಿ ಟೈರುಗಳದು ಇನ್ನೊಂದು ರಗಳೆ. ಬೇಗ ಸವೆಯಬೇಕು ಎಂದೇ ಮಾಡಿಸಿದ ಟೈರು, ಅದರ ಮೇಲೆ ಸರಿಯಾದ ಬಿಸಿ ಹತ್ತಿದರೆ ಮಾತ್ರ ಹಿಡಿತ. ದೋಸೆ ಕಾವಲಿಯ ಹಾಗೆ: ಸ್ವಲ್ಪ ಕಮ್ಮಿಯಾದರೆ ಅಂಟುತ್ತದೆ, ಸ್ವಲ್ಪ ಹೆಚ್ಚಾದರೆ ಕಪ್ಪಾಗುತ್ತದೆ, ಎಷ್ಟು ಕಾಯಿಸಬೇಕು ಅನ್ನುವುದು ಯಾವ ತಂಡಕ್ಕೂ ವಾರದಿಂದ ವಾರಕ್ಕೆ ಗೊತ್ತಾಗಲಿಲ್ಲ. ಮೊದಲ ಏಳು ರೇಸಿಗೆ ಏಳು ಬೇರೆ ಬೇರೆ ವಿಜೇತರು. ಬಟನ್, ಅಲೊನ್ಸೊ, ರೋಸ್‌ಬರ್ಗ್, ವೆಟಲ್, ಮಾಲ್ಡೊನಾಡೊ, ವೆಬರ್, ಹ್ಯಾಮಿಲ್ಟನ್. ಅದಕ್ಕೂ ಹಿಂದೆ ಹೀಗೆ ಆಗಿರಲಿಲ್ಲ. ರೋಸ್‌ಬರ್ಗ್ ಚೀನಾದಲ್ಲಿ ಗೆದ್ದದ್ದು ಮರ್ಸಿಡಿಸ್ ತಂಡಕ್ಕೆ 1955ರ ನಂತರದ ಮೊದಲ ಜಯ. ಮಾಲ್ಡೊನಾಡೊ ಸ್ಪೇನ್‌ನಲ್ಲಿ ಗೆದ್ದಾಗಲಂತೂ ನಾನು ಟಿ.ವಿ. ಹತ್ತಿರ ಹೋಗಿ ಹೆಸರು ಮತ್ತೆ ಓದಿದೆ.

ಲಾಟರಿ ಅಂತ ಆಗ ಬಹಳ ಜನ ಮೂಗು ಮುರಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಲಾಟರಿಯಾಗಿದ್ದರೆ ಅಲೊನ್ಸೊ ಅಷ್ಟು ತಿಂಗಳು ಪಟ್ಟಿಯ ತಲೆಯಲ್ಲಿ ಕೂರುತ್ತಿರಲಿಲ್ಲ. ಮೆಲ್ಬರ್ನ್‌ನಲ್ಲಿ ಅವನ ಫೆರಾರಿ ಅರ್ಹತಾ ಸುತ್ತಿನಲ್ಲಿ ಜಲ್ಲಿಗೆ ಇಳಿದು 12ನೇ ಸ್ಥಾನ. ಅಲ್ಲಿಂದ ಐದನೆಯವನಾಗಿ ಮುಗಿಸಿದ. ಓಡದ ಎತ್ತನ್ನು ಗಾಡಿಗೆ ಕಟ್ಟಿ ಸಂತೆಗೆ ಎಲ್ಲರಿಗಿಂತ ಮೊದಲು ತಲುಪುವವನ ಹಾಗೆ ಅವನು ಆ ವರ್ಷ ಓಡಿಸಿದ. ಜುಲೈ ಕೊನೆಯ ಹಂಗೆರಿಯ ನಂತರ ಅವನಿಗೆ 164, ವೆಟಲ್‌ಗೆ 122. ಹೀಗಿದ್ದೂ ಚಾಂಪಿಯನ್ ಆದದ್ದು ವೆಟಲ್, 281ಕ್ಕೆ 278ರಿಂದ.

ಈ ಮೂರು ಪಾಯಿಂಟು ಎಲ್ಲಿ ಹೋಯಿತು ಎಂದು ಕೇಳಿದರೆ ಎಲ್ಲರೂ ಕೊನೆಯ ರೇಸಿನತ್ತ ಕೈ ತೋರಿಸುತ್ತಾರೆ. ನನ್ನ ಅಂದಾಜು ಬೇರೆ. ಆ ವರ್ಷದ ಲೆಕ್ಕ ಬರೆದವರು ಗೆಲ್ಲುವ ಆಸೆಯೇ ಇಲ್ಲದೆ ಹಿಂದೆ, ನಡುವೆ ಓಡುತ್ತಿದ್ದವರು. ಅವರಲ್ಲಿ ಒಬ್ಬ ಕೊಯಮತ್ತೂರಿನವನು.

ನಾರಾಯಣ್ ಕಾರ್ತಿಕೇಯನ್ ಆಗ ಓಡಿಸುತ್ತಿದ್ದದ್ದು ಎಚ್‌ಆರ್‌ಟಿ ಎಂಬ ಸ್ಪೇನಿನ ಬಡ ತಂಡಕ್ಕೆ. ಮಾರ್ಚ್ 25, ಮಲೇಷ್ಯಾದ ಸೆಪಾಂಗ್. ಮೊದಲೇ ಮಳೆಯ ಟೈರು ಹಾಕಿ ಹೊರಟಿದ್ದರಿಂದ, ರೇಸ್ ನಿಲ್ಲಿಸಿದಾಗ ಅವನು 10ನೇ ಸ್ಥಾನದಲ್ಲಿದ್ದ. ನಮ್ಮವನೊಬ್ಬ ಪಾಯಿಂಟಿನ ಜಾಗದಲ್ಲಿ! ಮತ್ತೆ ಶುರುವಾದ ಮೇಲೆ ಬಟನ್ ಬಂದು ಅವನಿಗೆ ಗುದ್ದಿ ತನ್ನ ಮುಂದಿನ ರೆಕ್ಕೆ ಮುರಿದುಕೊಂಡ. ಕೊನೆಕೊನೆಗೆ ನಾಲ್ಕನೇ ಸ್ಥಾನದಲ್ಲಿದ್ದ ವೆಟಲ್ ಅವನನ್ನು ದಾಟುತ್ತ ಒಳಗೆ ಎಳೆದುಕೊಂಡಾಗ ಹಿಂದಿನ ಟೈರು ಪಂಕ್ಚರ್. 12 ಪಾಯಿಂಟು ಹೋಯಿತು, ಸಿಕ್ಕಿದ್ದು 11ನೇ ಸ್ಥಾನ, ಅಂದರೆ ಸೊನ್ನೆ. ಜರ್ಮನ್ ಟಿ.ವಿ.ಯ ಮುಂದೆ ವೆಟಲ್ ಕಾರ್ತಿಕೇಯನ್‌ನನ್ನು ಸೌತೆಕಾಯಿ ಅಂದ. ಜರ್ಮನರಲ್ಲಿ ಅದು ಬೈಗುಳವಂತೆ. ನಮ್ಮಲ್ಲಿ ಕೋಸಂಬರಿ. ಸ್ಟುವರ್ಡ್‌ಗಳು ದಂಡ ಹಾಕಿದ್ದು ಕಾರ್ತಿಕೇಯನ್‌ಗೆ. ನಾನು ಆ ತುಣುಕನ್ನು ಎಷ್ಟೋ ಸಲ ನೋಡಿದ್ದೇನೆ, ದಾಟಿ ಆಗುವ ಮೊದಲೇ ದಾಟಿದೆ ಅಂದುಕೊಂಡವನು ವೆಟಲ್ ಅಂತಲೇ ಅನ್ನಿಸುತ್ತದೆ. ಅದೇ ರೇಸನ್ನು ಅಲೊನ್ಸೊ ಗೆದ್ದ. ಅವನ ಬೆನ್ನಿಗೆ ಬಿದ್ದು ಹಿಡಿಯುತ್ತಿದ್ದ ಸೌಬರ್ ತಂಡದ ಪೆರೆಸ್, ಕೆಲವೇ ಸುತ್ತು ಬಾಕಿ ಇರುವಾಗ ಟ್ರ್ಯಾಕಿನಿಂದ ಆಚೆ ಜಾರಿ ಎರಡನೆಯವನಾದ. ಹುಡುಗ ಜಾರದಿದ್ದರೆ?

ಜೂನ್ 24ರ ವಲೆನ್ಸಿಯಾಕ್ಕೆ ಬರೋಣ. ಬಂದರಿನ ಬೀದಿಗಳಲ್ಲಿ ಮಾಡಿದ ಆ ಟ್ರ್ಯಾಕು ಎಂದರೆ ನಿದ್ದೆಗೆ ಇನ್ನೊಂದು ಹೆಸರು. ಯಾರೂ ಯಾರನ್ನೂ ದಾಟಲಾಗದೆ ರಥೋತ್ಸವದಂತೆ ಸಾಲಾಗಿ ಹೋಗುವುದು. ಅಲೊನ್ಸೊ ಹೊರಟದ್ದು 11ನೆಯವನಾಗಿ, ತನ್ನದೇ ನಾಡಿನ ಜನರ ಎದುರು. ಒಬ್ಬೊಬ್ಬರನ್ನೇ ದಾಟುತ್ತ ಬಂದ. ಪಿಟ್ ಸ್ಟಾಪಿನಲ್ಲೂ ಕೆಲವರನ್ನು ನುಂಗಿದ. ಆದರೂ ಮುಂದೆ ವೆಟಲ್ ಕಣ್ಣಿಗೆ ಕಾಣದಷ್ಟು ದೂರ. ಆಗ ಹಿಂದೆಲ್ಲೋ ವೆರ್ನ್ಯನ ಟೊರೊ ರೊಸ್ಸೊ ಕೊವಲೈನನ್‌ನ ಕೇಟರ್‌ಹ್ಯಾಮ್‌ಗೆ ಗುದ್ದಿತು. ಚೂರು ಗುಡಿಸಲು ಸೇಫ್ಟಿ ಕಾರು ಬಂತು, ವೆಟಲ್ ಕೂಡಿಟ್ಟ ಅಂತರವೆಲ್ಲ ಕರಗಿತು. ರೇಸು ಮತ್ತೆ ಶುರುವಾದ ಕ್ಷಣ ಅಲೊನ್ಸೊ ಗ್ರೊಜಾನ್‌ನ ಪಕ್ಕದಿಂದ ನುಗ್ಗಿ ಎರಡನೆಯವನಾದ. ಸ್ವಲ್ಪ ಹೊತ್ತಿಗೆ ವೆಟಲ್‌ನ ಆಲ್ಟರ್‌ನೇಟರ್ ಕೆಟ್ಟು ಕಾರು ನಿಂತಿತು. ಗೆದ್ದ ಅಲೊನ್ಸೊ ಪಿಟ್‌ಗೆ ಬರಲೇ ಇಲ್ಲ, ಗ್ಯಾಲರಿಯ ಎದುರು ಕಾರು ನಿಲ್ಲಿಸಿ ಇಳಿದುಬಿಟ್ಟ. ಪೋಡಿಯಂ ಮೇಲೆ ಅತ್ತ. ಪಕ್ಕದಲ್ಲಿ ಮೂರನೆಯವನಾಗಿ ನಿಂತಿದ್ದವನು ಶುಮಾಕರ್, ನಿವೃತ್ತಿಯಿಂದ ಮರಳಿದ ಮೇಲೆ ಅವನಿಗೆ ಸಿಕ್ಕ ಒಂದೇ ಒಂದು ಪೋಡಿಯಂ. ಇಡೀ ವರ್ಷದಲ್ಲಿ ಒಂದೇ ರೇಸು ನೋಡು ಅಂದರೆ ಇದನ್ನು ನೋಡು ಎಂದು ಅಕ್ಕನ ಮಗನಿಗೆ ಹೇಳಿದ್ದೇನೆ.

ಆಮೇಲೆ ಬೆಲ್ಜಿಯಂ. ಮೊದಲ ತಿರುವಿನಲ್ಲೇ ಗ್ರೊಜಾನ್‌ನ ಲೋಟಸ್ ಹ್ಯಾಮಿಲ್ಟನ್‌ಗೆ ತಾಗಿ, ಹಾರಿ ಅಲೊನ್ಸೊನ ಮುಖದ ಮುಂದಿನಿಂದಲೇ ಹೋಯಿತು. ಚಾಲಕನ ತಲೆಯ ಮುಂದೆ ಇವತ್ತಿರುವ ಹ್ಯಾಲೊ ಕಮಾನು ಆಗ ಇರಲಿಲ್ಲ. ಅಲೊನ್ಸೊ ಬದುಕಿದ್ದೇ ಹೆಚ್ಚು. ಸತತ 23 ರೇಸುಗಳಲ್ಲಿ ಪಾಯಿಂಟು ತಂದಿದ್ದ ಸರಣಿ ಅಲ್ಲಿಗೆ ತುಂಡಾಯಿತು. ಗ್ರೊಜಾನ್‌ಗೆ ಒಂದು ರೇಸಿನ ನಿಷೇಧ. ಇದರಲ್ಲಿ ಅಲೊನ್ಸೊನ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಜಪಾನ್‌ನ ಸುಜುಕಾ? ಅಲ್ಲೂ ಮೊದಲ ತಿರುವಿಗೆ ಮುಂಚೆಯೇ ಅವನ ಹಿಂದಿನ ಚಕ್ರ ರೈಕೊನೆನ್‌ನ ರೆಕ್ಕೆಗೆ ತಾಗಿ ಕಥೆ ಮುಗಿಯಿತು. ರೈಕೊನೆನ್‌ಗೆ ಹೋಗಲು ಹುಲ್ಲು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಲೊನ್ಸೊನ ಭಕ್ತರು ಕೋಪಿಸಿಕೊಳ್ಳಲಿ, ಆ ವರ್ಷ ಅವನು ಮಾಡಿದ ಒಂದೇ ದೊಡ್ಡ ತಪ್ಪು ಅದು. ವೆಟಲ್ ಅಲ್ಲಿ ಗೆದ್ದ. ಅಂತರ ನಾಲ್ಕಕ್ಕೆ ಇಳಿಯಿತು. ಕೊರಿಯಾದಲ್ಲಿ ತಿರುವುಮುರುವಾಗಿ ವೆಟಲ್ ಮುಂದಾದ.

ಭಾರತದ ರೇಸು ಅಕ್ಟೋಬರ್ 28ಕ್ಕೆ, ಗ್ರೇಟರ್ ನೋಯ್ಡಾದಲ್ಲಿ. ರೇಸಿಗಿಂತ ಹೆಚ್ಚು ಸದ್ದು ಮಾಡಿದ್ದು ಫೆರಾರಿ ಕಾರಿನ ಮೇಲಿದ್ದ ಇಟಲಿ ನೌಕಾಪಡೆಯ ಬಾವುಟ. ಕೇರಳದ ಮೀನುಗಾರರಿಬ್ಬರ ಸಾವಿನ ಪ್ರಕರಣದಲ್ಲಿ ಇಟಲಿಯ ನಾವಿಕರ ಮೇಲೆ ಇಲ್ಲಿ ಕೇಸು ನಡೆಯುತ್ತಿದ್ದ ಕಾಲ. ಆಟದ ಬಟ್ಟೆಗೆ ರಾಜಕೀಯದ ಗುಂಡಿ ಹೊಲಿಯುವುದು ನನಗೆ ಹಿಡಿಸುವುದಿಲ್ಲ, ಅದೂ ಆತಿಥ್ಯ ಕೊಟ್ಟವರ ಅಂಗಳದಲ್ಲಿ. ಟ್ರ್ಯಾಕಿನ ಮೇಲೆ ಹೇಳುವಂಥದ್ದೇನೂ ಇಲ್ಲ: 60 ಸುತ್ತನ್ನೂ ವೆಟಲ್ ಮುಂದೆಯೇ ಓಡಿಸಿದ, ಅದು ಅವನ ಸತತ ನಾಲ್ಕನೇ ಜಯ. ಅಂತರ 13.

ವಾರ ಕಳೆದು ಅಬುಧಾಬಿ. ಅರ್ಹತಾ ಸುತ್ತು ಮುಗಿದ ಮೇಲೆ ಪರೀಕ್ಷೆಗೆ ಬೇಕಾದ ಒಂದು ಲೀಟರ್ ಇಂಧನ ವೆಟಲ್‌ನ ಟ್ಯಾಂಕಿನಲ್ಲಿ ಇರಲಿಲ್ಲ. ಹೊರಟದ್ದು ಪಿಟ್ ಲೇನಿನಿಂದ, ಎಲ್ಲರ ಹಿಂದೆ. ಅಲೊನ್ಸೊಗೆ ಬಾಗಿಲು ತೆರೆದಿತ್ತು. ಅಷ್ಟರಲ್ಲಿ ಯಾರ ಕಾರು ಕೆಡಬೇಕು ಹೇಳಿ? ಕಾರ್ತಿಕೇಯನ್‌ನ ಎಚ್‌ಆರ್‌ಟಿ ತಟ್ಟನೆ ನಿಧಾನವಾಯಿತು, ಹಿಂದಿದ್ದ ರೋಸ್‌ಬರ್ಗ್ ಅದರ ಮೇಲೇರಿ ಹಾರಿಹೋದ. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಸೇಫ್ಟಿ ಕಾರು ಬಂತು, ಸಾಲು ಒಟ್ಟಾಯಿತು, ವೆಟಲ್ ಜಜ್ಜಿದ ಮೂತಿಯನ್ನು ಬದಲಿಸಿಕೊಂಡೂ ಹೆಚ್ಚು ಹಿಂದೆ ಬೀಳಲಿಲ್ಲ, ಕೊನೆಗೆ ಮೂರನೆಯವನಾದ. ಅಲೊನ್ಸೊ ಎರಡನೆಯವನು. ವೆಟಲ್ ಎದುರು ಇಡೀ ದಿನದ ಗಳಿಕೆ ಅವನಿಗೆ ಮೂರೇ ಪಾಯಿಂಟು. ಮಾರ್ಚ್‌ನಲ್ಲಿ ಕಿತ್ತುಕೊಂಡ ಸೌತೆಕಾಯಿ ನವೆಂಬರಿನಲ್ಲಿ ಸ್ವಲ್ಪ ವಾಪಸು ಕೊಟ್ಟಿತ್ತು. (ಗೆದ್ದ ರೈಕೊನೆನ್, ನನ್ನ ಪಾಡಿಗೆ ನನ್ನನ್ನು ಬಿಡಿ ಎಂದು ತನ್ನ ಎಂಜಿನಿಯರ್‌ಗೆ ರೇಡಿಯೊದಲ್ಲಿ ಗದರಿದ್ದು ಇದೇ ರೇಸಿನಲ್ಲಿ. ಆ ಮಾತು ಅಂಗಿಗಳ ಮೇಲೆ ಅಚ್ಚಾಗಿ ಈಗಲೂ ಓಡಾಡುತ್ತಿದೆ.)

ಆಸ್ಟಿನ್‌ನಲ್ಲಿ ಫೆರಾರಿ ಒಂದು ಕಿತಾಪತಿ ಮಾಡಿತು. ಅಲೊನ್ಸೊಗೆ ಗ್ರಿಡ್‌ನ ಸ್ವಚ್ಛ ಬದಿ ಸಿಗಲೆಂದು, ಅವನ ಮುಂದೆ ನಿಲ್ಲಬೇಕಿದ್ದ ತಮ್ಮ ಇನ್ನೊಬ್ಬ ಚಾಲಕ ಮಾಸಾನ ಗೇರ್‌ಬಾಕ್ಸಿನ ಸೀಲನ್ನು ತಾವೇ ಒಡೆದು ಅವನಿಗೆ ಐದು ಸ್ಥಾನದ ದಂಡ ಹಾಕಿಸಿಕೊಂಡರು. ನಿಯಮದ ಒಳಗೇ ಇದೆ. ಒಳಗೇ ಇದ್ದೂ ಹೇಸಿಗೆ.

ಕೊನೆಗೆ ನವೆಂಬರ್ 25, ಸಾವೊ ಪಾಲೊದ ಇಂಟರ್‌ಲಾಗೊಸ್, 71 ಸುತ್ತು. ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ವೆಟಲ್ 273, ಅಲೊನ್ಸೊ 260. ಹೊರಟು ನಾಲ್ಕನೇ ತಿರುವಿಗೆ ಬರುವಷ್ಟರಲ್ಲಿ ಬ್ರೂನೊ ಸೆನ್ನಾನ ವಿಲಿಯಮ್ಸ್ ವೆಟಲ್‌ಗೆ ಬಡಿಯಿತು. ಕಾರು ಗಿರ್ರನೆ ತಿರುಗಿ, ಬರುತ್ತಿರುವ ಕಾರುಗಳಿಗೆ ಮುಖಮಾಡಿ ನಿಂತಿತು. ಒಂದೊಂದೇ ಪಕ್ಕದಿಂದ ಹಾದುಹೋಗುವುದನ್ನು ಅವನು ನೋಡಬೇಕಾಯಿತು. ಎಕ್ಸಾಸ್ಟ್ ಹತ್ತಿರ ಮೈ ಜಜ್ಜಿತ್ತು. ನಾನು ಎದ್ದು ನಿಂತಿದ್ದೆ. ಒಳಗಿನಿಂದ ಅಮ್ಮ, ‘ಇನ್ನೂ ಸುತ್ತೋದು ಮುಗೀಲಿಲ್ವೇನೋ?’ ಅಂದರು. ಈಗ ತಾನೇ ಶುರುವಾಗಿದೆ ಅಂದೆ.

ಹನಿ ಮಳೆ. ಎಲ್ಲರೂ ಟೈರು ಬದಲಿಸಲು ಓಡಿದರೆ ಬಟನ್ ಮತ್ತು ಹುಲ್ಕನ್‌ಬರ್ಗ್ ಇಬ್ಬರೇ ಒಣ ಟೈರಿನಲ್ಲಿ ಜಾರುತ್ತ ಉಳಿದು ಮುಂದೆ ಬಹು ದೂರ ಹೋದರು. ಹುಲ್ಕನ್‌ಬರ್ಗ್‌ನದು ಫೋರ್ಸ್ ಇಂಡಿಯಾ. ನಮ್ಮ ವಿಜಯ್ ಮಲ್ಯರ ತಂಡ, ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಚಾಲಕರು ಒಬ್ಬ ಜರ್ಮನ್, ಒಬ್ಬ ಸ್ಕಾಟ್. ನಮ್ಮದು ಅನ್ನಲೂ ಆಗದ, ಅಲ್ಲ ಅನ್ನಲೂ ಆಗದ ತಂಡ. ಅವರ ಕಿಂಗ್‌ಫಿಷರ್ ವಿಮಾನಗಳ ಪರವಾನಗಿ ಹಿಂದಿನ ತಿಂಗಳಷ್ಟೇ ಅಮಾನತಾಗಿತ್ತು. ಆದರೂ ಆ ಕಾರು 30 ಸುತ್ತು ಎಲ್ಲರ ಮುಂದೆ ಓಡುವಾಗ ಬೆಂಗಳೂರಿನ ಒಬ್ಬನಿಗಾದರೂ ರೋಮಾಂಚನವಾಯಿತು, ಅವನು ನಾನು. ಹ್ಯಾಮಿಲ್ಟನ್ ದಾಟಿದ. ಅವನನ್ನು ಮತ್ತೆ ದಾಟಲು ಮೊದಲ ತಿರುವಿನ ಒಳಗೆ ನುಗ್ಗಿದ ಹುಲ್ಕನ್‌ಬರ್ಗ್ ಒದ್ದೆಯಲ್ಲಿ ಜಾರಿ ಗುದ್ದಿದ. ಹ್ಯಾಮಿಲ್ಟನ್‌ನ ಮೆಕ್ಲಾರೆನ್ ಬದುಕು ಅಲ್ಲಿಗೆ ಮುಗಿಯಿತು. ಹುಲ್ಕನ್‌ಬರ್ಗ್ ದಂಡ ಕಟ್ಟಿ ಐದನೆಯವನಾದ.

ಗುದ್ದಿದ್ದು ಅವರಿಬ್ಬರು, ಏರಿದ್ದು ಅಲೊನ್ಸೊ. ಮಾಸಾ ದಾರಿ ಬಿಟ್ಟ, ಅಲೊನ್ಸೊ ಎರಡನೇ ಸ್ಥಾನಕ್ಕೆ ಬಂದ. ಈಗ ಲೆಕ್ಕ ಕೇಳಿ. ಅಲೊನ್ಸೊ ಎರಡನೆಯವನಾದರೆ ಒಟ್ಟು 278. ವೆಟಲ್ ಏಳನೆಯವನಾದರೆ 279, ಎಂಟನೆಯವನಾದರೆ 277. ಆ ಹೊತ್ತಿಗೆ ವೆಟಲ್ ಇದ್ದದ್ದು ಏಳರಲ್ಲಿ: ರೇಡಿಯೊ ಕೆಟ್ಟಿತ್ತು, ಅವನು ಪಿಟ್‌ಗೆ ಬಂದಾಗ ಟೈರೇ ಸಿದ್ಧವಿರಲಿಲ್ಲ. ಒಂದು ಸ್ಥಾನ, ಒಂದು ಪಾಯಿಂಟಿನ ದಾರದ ಮೇಲೆ ಎಂಟು ತಿಂಗಳು ತೂಗುತ್ತಿತ್ತು. ಮುಂದಿದ್ದ ಶುಮಾಕರ್ ತನ್ನ ಫಾರ್ಮುಲಾ ಒನ್ ಬದುಕಿನ ಕೊನೆಯ ರೇಸಿನಲ್ಲಿ ತನ್ನ ದೇಶದ ಹುಡುಗನಿಗೆ ಪಕ್ಕಕ್ಕೆ ಸರಿದು ಆರನೇ ಸ್ಥಾನ ಬಿಟ್ಟುಕೊಟ್ಟ. ಅಲೊನ್ಸೊಗೆ ಉಳಿದದ್ದು ಒಂದೇ ಆಸೆ, ಮುಂದಿರುವ ಬಟನ್‌ಗೆ ಏನಾದರೂ ಆಗಬೇಕು. ಎರಡು ಸುತ್ತು ಬಾಕಿ ಇರುವಾಗ ಇನ್ನೊಂದು ಫೋರ್ಸ್ ಇಂಡಿಯಾ, ಡಿ ರೆಸ್ಟಾನದು, ಗೋಡೆಗೆ ಹೊಡೆಯಿತು. ಸೇಫ್ಟಿ ಕಾರು ಬಂತು, ದಾಟುವಂತಿಲ್ಲ. ಮುಗಿಯಿತು. ಹಳದಿ ಬಾವುಟವಿದ್ದಾಗ ವೆಟಲ್ ಒಬ್ಬನನ್ನು ದಾಟಿದ ಎಂಬ ತಗಾದೆ ಕೆಲವು ದಿನ ಓಡಾಡಿತು; ಹಸಿರು ತೋರಿಸಿದ್ದು ಚಿತ್ರದಲ್ಲಿತ್ತು, ತಣ್ಣಗಾಯಿತು.

ಅಕ್ಕನ ಮಗ ಇಲ್ಲಿ ನನ್ನನ್ನು ಹಿಡಿದ. ‘2021ರ ಅಬುಧಾಬಿಯಲ್ಲೂ ಗೋಡೆಗೆ ಹೊಡೆದದ್ದು ಹಿಂದಿದ್ದ ಲಟೀಫಿನೇ ಅಲ್ವಾ ಮಾಮ? ಎರಡೂ ಒಂದೇ ಆಯ್ತಲ್ಲ?’ ಹೌದು, ಲಟೀಫಿ. ಆದರೆ ಡಿ ರೆಸ್ಟಾ ಗುದ್ದಿದ ಮೇಲೆ ನಡೆದದ್ದು ಪುಸ್ತಕದಲ್ಲಿ ಇದ್ದದ್ದು ಮಾತ್ರ. ಯಾರೂ ಫೋನ್ ಎತ್ತಲಿಲ್ಲ, ಯಾರೂ ರೇಸನ್ನು ರಂಗಾಗಿಸಲು ಹೋಗಲಿಲ್ಲ. ಚಾಂಪಿಯನ್‌ಶಿಪ್ಪು ಸೇಫ್ಟಿ ಕಾರಿನ ಹಿಂದೆ ಎಮ್ಮೆಗಳು ಮನೆಗೆ ಮರಳುವ ಗತಿಯಲ್ಲಿ ಮುಗಿಯಿತು. ಅವನು ‘ಬೋರು’ ಅಂದ. ನಾನು ಸಾರು ಬಿಸಿ ಮಾಡಲು ಎದ್ದೆ.

ಆ ರಾತ್ರಿಯ ಒಂದು ಚಿತ್ರ ಬಹಳ ಜನಕ್ಕೆ ಗೊತ್ತಿರುತ್ತದೆ: ಅಲೊನ್ಸೊ ಒದ್ದೆ ನೆಲದ ಮೇಲೆ ನಿಂತು, ಸುತ್ತ ಜನವಿದ್ದರೂ ಇಲ್ಲದ ಹಾಗೆ ದೂರಕ್ಕೆ ನೋಡುತ್ತಿರುವುದು. ನಾನೂ ಅವನನ್ನೇ ನೋಡುತ್ತಿದ್ದೆ. ಎಚ್‌ಆರ್‌ಟಿ ತಂಡಕ್ಕೆ ಅದು ಕೊನೆಯ ರೇಸು, ಮುಂದಿನ ವರ್ಷದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಕಾರ್ತಿಕೇಯನ್‌ಗೂ ಅದೇ ಕೊನೆಯದು. ಅಷ್ಟೊಂದು ಕಾರುಗಳು ಗುದ್ದಿ, ಜಾರಿ, ನಿಂತುಹೋದ ಆ ಮಳೆಯಲ್ಲಿ ಅವನು ಕಾರನ್ನು ನೆಟ್ಟಗೆ ಗೆರೆ ದಾಟಿಸಿದ್ದ. ನನಗೆ ಅದು ಗೊತ್ತಾದದ್ದು ಮರುದಿನ ಪೇಪರಿನ ಪಟ್ಟಿಯ ತಳದಲ್ಲಿ ಓದಿದಾಗ.