ಪ್ರಬಂಧವೋ ನಿರೂಪಣೆಯೋ?

೧೯೧೯ರಲ್ಲಿ ಸ್ಥಾಪಿತವಾದ ಅಮೆರಿಕದ ಭೂಭೌತವಿಜ್ಞಾನ ಸಂಘವು ತನ್ನ ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಪಾರಿತೋಷಕವು ಮೊದಲು 'ಉತ್ಕೃಷ್ಟ ವಿದ್ಯಾರ್ಥಿ ಪ್ರಬಂಧ'ಕ್ಕೆಂದು ಹೆಸರು ಪಡೆದಿದ್ದಿತು. ಅನಂತರ 'ಪ್ರಬಂಧ'ವು ಹೋಗಿ 'ನಿರೂಪಣೆ'ಯು ಬಂದಿತು. ಈ ಪದಭೇದವು ಅಲ್ಪವಾದುದಲ್ಲ. ವಿದ್ಯಾರ್ಥಿಯು ತನ್ನ ಭಿತ್ತಿಪತ್ರದ ಬಳಿ ನಿಂತು ವಿವರಿಸುವಾಗ, ಕೆಲವು ನಿಮಿಷ ಕೇಳುವ ಪರೀಕ್ಷಕನಿಗೆ ಗೋಚರವಾಗುವುದು ಹೆಚ್ಚಾಗಿ ಶಬ್ದಸೌಷ್ಠವವೇ ಹೊರತು, ವರ್ಷಗಟ್ಟಲೆ ಸಂಗ್ರಹಿಸಿದ ಭೂಕಂಪಲೇಖಗಳ ಯಾಥಾರ್ಥ್ಯವಲ್ಲ. ಆದಕಾರಣ ಹೊಸ ಹೆಸರೇ ಸತ್ಯಕ್ಕೆ ಸಮೀಪವಾದುದು. ಆದರೂ ಅದನ್ನು ಸಂಶೋಧನೆಗೆ ಸಂದ ಮನ್ನಣೆಯೆಂದೇ ಎಣಿಸುವವರುಂಟು, ಇದು ಭ್ರಾಂತಿ. ವಾಕ್ಯಾರ್ಥಸಭೆಯಲ್ಲಿ ಪೂರ್ವಪಕ್ಷಕ್ಕೆ ಸಮಾಧಾನ ಹೇಳಿದ ಮೇಲಲ್ಲವೆ ಸಂಭಾವನೆ! ಇಲ್ಲಿ ಆ ಸ್ಥಾನವನ್ನು ತಕ್ಕಮಟ್ಟಿಗೆ ತುಂಬುವುದು ಪರೀಕ್ಷಕರು ಬರೆದುಕೊಡುವ ವಿಮರ್ಶೆ. ಪಾರಿತೋಷಕವು ದೊರೆಯದವನಿಗೂ ಅದು ದೊರೆಯುವುದು.