ಎರಡು ಲಿಪಿಗಳ ಪುಟ: ತಾಂತ್ರಿಕ ದಾಖಲೆಗಳಲ್ಲಿ ಹಿಂದೀ–ಇಂಗ್ಲಿಷ್ ಜೋಡಣೆಯ ವಿಮರ್ಶೆ

ಶಾಸನವೊಂದು ದೊರೆತರೆ ಅದರ ಅಕ್ಷರಗಳ ತಿರುವು, ಕಂಡರಣೆಯ ಆಳ, ಲಿಪಿಕಾರನ ತಪ್ಪು ಎಲ್ಲವನ್ನೂ ಪರಿಶೀಲಿಸುವ ನಾವು, ಅಚ್ಚಾದ ದಾಖಲೆಯನ್ನು ಮಾತ್ರ ಅದರ ಒಕ್ಕಣೆಗಾಗಿಯೇ ಓದಿ ಬದಿಗಿರಿಸುತ್ತೇವೆ. ಅಚ್ಚಿನ ತಪ್ಪಿಗೂ ಸಾಕ್ಷ್ಯದ ಬೆಲೆಯುಂಟು. ಹಿಂದೀ ಮತ್ತು ಇಂಗ್ಲಿಷುಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿದ ತಾಂತ್ರಿಕ ದಾಖಲೆಗಳನ್ನು ಈ ದೃಷ್ಟಿಯಿಂದ ನೋಡುವುದು ನಮ್ಮ ಉದ್ದೇಶ.

1963ರ ರಾಜಭಾಷಾ ಅಧಿನಿಯಮದ 3ನೆಯ ಕಲಮಿನ ಮೇರೆಗೆ ಕೇಂದ್ರ ಸರ್ಕಾರದ ನಿಯಮಗಳು, ಅಧಿಸೂಚನೆಗಳು, ಆಡಳಿತ ವರದಿಗಳು, ಕರಾರುಗಳು, ಟೆಂಡರು ನಮೂನೆಗಳು ಮೊದಲಾದುವು ಎರಡೂ ಭಾಷೆಗಳಲ್ಲಿ ಹೊರಡಬೇಕು. ಎರಡು ಅಂಕಣಗಳ ಪುಟವು ಹೀಗೆ ನಿತ್ಯದ ವಸ್ತುವಾಯಿತು. ಆದರೆ ಎರಡೂ ಅಂಕಣಗಳು ಸಮಾನವಾಗಿ ಓದಿಸಿಕೊಳ್ಳುತ್ತಿವೆಯೇ?

ಕೆಲವು ವರ್ಷಗಳ ಕೆಳಗೆ ನಮ್ಮ ಕೈಸೇರಿದ ಒಂದು ಕೈಪಿಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದನ್ನು ಹೊರಡಿಸಿದವರ ಹೆಸರು ಇಲ್ಲಿ ಅನಗತ್ಯ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ ನಿಲ್ಲುತ್ತದೆ, ಆದರೆ ಉಚ್ಚಾರಣೆಯಲ್ಲಿ ವ್ಯಂಜನದ ನಂತರ ಬರುತ್ತದೆ. ಈ ಕೈಪಿಡಿಯಲ್ಲಿ ಆ ಚಿಹ್ನೆ ಮೊದಲಿನಿಂದ ಕೊನೆಯವರೆಗೂ ಬಲಕ್ಕೆ ಸರಿದಿತ್ತು. ‘ಹಿಂದೀ’ ಎಂಬ ಶಬ್ದವೇ ಶುದ್ಧವಾಗಿ ಅಚ್ಚಾಗಿರಲಿಲ್ಲ! ಸಂಯುಕ್ತಾಕ್ಷರಗಳು ಕೂಡಿಕೊಳ್ಳದೆ, ಹಲಂತಚಿಹ್ನೆಯನ್ನು ಹೊತ್ತು ಬಿಡಿಬಿಡಿಯಾಗಿ ನಿಂತಿದ್ದುವು. ಎದುರಿನ ಇಂಗ್ಲಿಷ್ ಅಂಕಣದಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಎರಡನೆಯ ಮುದ್ರಣವನ್ನೂ ತರಿಸಿ ನೋಡಿದೆವು. ಇಂಗ್ಲಿಷಿನಲ್ಲಿ ಎರಡು ತಿದ್ದುಪಡಿಗಳಾಗಿದ್ದುವು. ಹಿಂದೀ ಅಂಕಣ ಇದ್ದಂತೆಯೇ ಇತ್ತು. ಮೊಳೆ ತಪ್ಪಿತೆಂಬುದು ಸಣ್ಣ ಮಾತು. ಜೋಡಿಸಿದವರಾಗಲಿ, ಕರಡಚ್ಚು ನೋಡಿದವರಾಗಲಿ, ಉಪಯೋಗಿಸಿದವರಾಗಲಿ ಆ ಅಂಕಣವನ್ನು ಓದಲಿಲ್ಲವೆಂಬುದೇ ಇಲ್ಲಿ ಸಿದ್ಧವಾಗುವ ಸಂಗತಿ.

ತಪ್ಪಿನ ಕಾರಣ ಗೂಢವಾದುದಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಜೋಡಿಸುವವನು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಮೊಳೆ ಇಡುತ್ತಿದ್ದನು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಾದರೋ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತವೆ. ಇಕಾರವನ್ನು ಎಡಕ್ಕೆ ತರುವ ಹೊಣೆ ಪುಟ ಕಟ್ಟುವ ತಂತ್ರಾಂಶದ್ದು. ರೋಮನ್ ಲಿಪಿಗೆಂದೇ ಅಣಿಗೊಳಿಸಿದ ತಂತ್ರಾಂಶಕ್ಕೆ ಆ ವಿದ್ಯೆ ತಿಳಿಯದು. ಗಾತ್ರದ ತೊಡಕೂ ಇದೆ. ರೋಮನ್ ಅಕ್ಷರಗಳು ಅಡಿಗೆರೆಯ ಮೇಲೆ ಕುಳಿತರೆ ನಾಗರಿಯವು ಶಿರೋರೇಖೆಯಿಂದ ಇಳಿಬಿದ್ದಿವೆ. ಮೇಲೆ ಮಾತ್ರೆಗಳಿಗೂ ಕೆಳಗೆ ಉಕಾರಾದಿಗಳಿಗೂ ಎಡೆ ಬೇಕು. ಎರಡಕ್ಕೂ ಒಂದೇ ಪಾಯಿಂಟಿನ ಅಳತೆ, ಒಂದೇ ಸಾಲಂತರ ಕೊಟ್ಟರೆ ನಾಗರಿ ಸಣ್ಣದಾಗಿ ಕಂಡು, ಒಂದು ಸಾಲಿನ ಬಾಲ ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಸಾಲಂತರವನ್ನು ಹಿಂದಿಗೆ ತಕ್ಕಂತೆ ಗೊತ್ತುಮಾಡಿ ಇಂಗ್ಲಿಷಿಗೂ ಅದನ್ನೇ ಕೊಡುವುದು ನ್ಯಾಯ. ಸಾಮಾನ್ಯವಾಗಿ ನಡೆಯುವುದು ಇದರ ವಿಪರ್ಯಾಸ.

ಹಿಂದಿನವರು ಇದಕ್ಕಿಂತ ಕಷ್ಟದಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಿದರೆಂಬುದು ಗಮನಾರ್ಹ. 1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾದ ಹಾಲ್ಹೆಡ್ಡನ ಬಂಗಾಳೀ ವ್ಯಾಕರಣಕ್ಕೆ ವಿಲ್ಕಿನ್ಸನೂ ಪಂಚಾನನ ಕರ್ಮಕಾರನೂ ಮೊಳೆಗಳನ್ನು ಸಿದ್ಧಪಡಿಸಿದರು. ಅದೇ ವಿಲ್ಕಿನ್ಸನು ಇಂಗ್ಲೆಂಡಿನಲ್ಲಿ ತಾನೇ ನಾಗರಿ ಮೊಳೆಗಳನ್ನು ಕೊರೆದು, 1795ರಲ್ಲಿ ಮನೆಗೆ ಬೆಂಕಿ ಬಿದ್ದು ಕೆಲಸ ನಿಂತುಹೋದರೂ, 1808ರಲ್ಲಿ ಸಂಸ್ಕೃತ ವ್ಯಾಕರಣವನ್ನು ಹೊರತಂದನು. 1899ರ ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ಮುಖ್ಯ ಪದಗಳು ನಾಗರಿಯಲ್ಲಿ, ಸಮಾಸಗಳೇ ಮೊದಲಾದುವು ರೋಮನ್ನಿನಲ್ಲಿ ಇವೆ. ಸ್ಥಳ ಉಳಿಸಲು ಮಾಡಿಕೊಂಡ ಒಪ್ಪಂದವಾದರೂ ಒಂದು ನಿಯಮಕ್ಕೆ ಒಳಪಟ್ಟದ್ದು. ಇವರೆಲ್ಲ ನಮ್ಮ ಭಾಷೆಗಳ ಮೇಲಣ ಭಕ್ತಿಯಿಂದಲೇ ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಕಂಪನಿಯ ಆಡಳಿತಕ್ಕೆ ಈ ವಿದ್ಯೆ ಬೇಕಾಗಿತ್ತು. ಆದರೆ ಆ ಪುಸ್ತಕಗಳನ್ನು ಕೊಂಡವನು ಅಕ್ಷರ ಕಲಿಯಲೆಂದೇ ಕೊಂಡವನು. ಅಕ್ಷರ ತಪ್ಪಿದರೆ ಪುಸ್ತಕವೇ ವ್ಯರ್ಥ. ಕೇಳುವ ಓದುಗನಿದ್ದುದರಿಂದ ಮುದ್ರಕನು ಎಚ್ಚರವಾಗಿದ್ದನು.

ಇಷ್ಟಾಗಿ, ಎರಡು ಅಂಕಣಗಳನ್ನು ಬೇರ್ಪಡಿಸಿದರೆ ತೊಡಕು ತೀರುವುದೆಂಬ ವಾದವನ್ನು ನಾವು ಒಪ್ಪಲಾರೆವು. 1961ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಸೂತ್ರಗಳಂತೆ ಮಾನಗಳ ಸಂಕೇತಗಳು ರೋಮನ್ ರೂಪದಲ್ಲಿಯೇ ಉಳಿಯತಕ್ಕದ್ದು. ಸೆಂಟಿಮೀಟರಿನ ಸಂಕೇತವನ್ನು ನಾಗರಿಯಲ್ಲಿ ಬರೆಯುವುದು ಮಕ್ಕಳ ಮತ್ತು ಜನಪ್ರಿಯ ಪುಸ್ತಕಗಳಿಗೆ ಮಾತ್ರ. ಗಣಿತದ ಕ್ರಿಯೆಗಳಲ್ಲಿ ಬರುವ ಅಕ್ಷರಗಳು ರೋಮನ್ ಅಥವಾ ಗ್ರೀಕ್. ಅಂಕಿಗಳಂತೂ ಸಂವಿಧಾನದ 343ನೆಯ ಅನುಚ್ಛೇದದ ಮೇರೆಗೆ ಅಂತರರಾಷ್ಟ್ರೀಯ ರೂಪದವು. ಆದುದರಿಂದ ತಾಂತ್ರಿಕ ಹಿಂದಿಯ ಒಂದೊಂದು ಸಾಲೂ ಮಿಶ್ರಲಿಪಿಯ ಸಾಲು. ಸೂತ್ರಗಳು ಪದವನ್ನೂ ಸಂಕೇತವನ್ನೂ ನಿರ್ಣಯಿಸಿದುವು. ಶಿರೋರೇಖೆಯ ಪಕ್ಕದಲ್ಲಿ ರೋಮನ್ ಅಕ್ಷರ ಯಾವ ಎತ್ತರದಲ್ಲಿ ನಿಲ್ಲಬೇಕೆಂಬುದು ಮುದ್ರಕನ ಪಾಲಿಗೆ ಉಳಿಯಿತು. ಚರರಾಶಿಗಳಿಗೆ ಇಂಗ್ಲಿಷಿನಲ್ಲಿ ಓರೆಯಕ್ಷರ ಬಳಸುವ ರೂಢಿಯನ್ನು ಅನುಕರಿಸಿ ಇಡೀ ಹಿಂದೀ ವಾಕ್ಯವನ್ನೇ ಯಂತ್ರದಿಂದ ಓರೆಮಾಡಿದ ಪುಟಗಳನ್ನೂ ನಾವು ಕಂಡಿದ್ದೇವೆ. ನಾಗರಿಗೆ ಅಂಥ ಪರಂಪರೆಯಿಲ್ಲ. ಶಿರೋರೇಖೆಯ ಕೆಳಗೆ ಅಕ್ಷರಗಳು ಬೀಳುವ ಗೋಡೆಯಂತೆ ತೋರುತ್ತವೆ.

ಸಾಧನಗಳ ಅಭಾವವೆಂಬ ಸಮಾಧಾನವೂ ಈಗ ಸಲ್ಲದು. ವೆಲ್ಥೂಯಿಸ್ ಎಂಬ ಡಚ್ ವಿದ್ವಾಂಸನು 1991ರಲ್ಲಿಯೇ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಗೆ ನಾಗರಿಯನ್ನು ಅಳವಡಿಸಿದನು. 2004ರಲ್ಲಿ ಬಂದ ಜೀಟೆಕ್, ಯೂನಿಕೋಡಿನ ಹಿಂದಿಯನ್ನೂ ಇಂಗ್ಲಿಷನ್ನೂ ಒಂದೇ ಸಾಲಿನಲ್ಲಿ ನೇರವಾಗಿ ಜೋಡಿಸಬಲ್ಲುದು. ಕೊರತೆಯಿರುವುದು ಕರಡಚ್ಚನ್ನು ಹಿಂದಿಯಲ್ಲಿಯೇ ಓದಿ ತಿದ್ದುವವನದು. ಇಂಗ್ಲಿಷ್ ಅಂಕಣವನ್ನು ಮುಚ್ಚಿ ಹಿಂದೀ ಅಂಕಣವೊಂದನ್ನೇ ಪರೀಕ್ಷೆಗೆ ಕೊಡುವ ಪದ್ಧತಿಯನ್ನು ಮುದ್ರಣಾಲಯಗಳು ಕೈಕೊಳ್ಳಬಹುದು. ಇದಕ್ಕೆ ಹೊಸ ಯಂತ್ರವೇನೂ ಬೇಡ.

ಕನ್ನಡವೂ ಸೇರಿದ ಮೂರು ಲಿಪಿಗಳ ಪುಟದ ವಿಚಾರ ಬೇರೆಯೇ. ನಮ್ಮಲ್ಲಿ ಇಕಾರ ಅಕ್ಷರದ ನೆತ್ತಿಯಲ್ಲಿಯೇ ಸೇರಿಕೊಳ್ಳುವುದರಿಂದ ಆ ತೊಡಕಿಲ್ಲ. ಆದರೆ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಅರ್ಕಾವೊತ್ತು ಉಚ್ಚಾರಣೆಗೆ ವಿರುದ್ಧವಾಗಿ ಬಲಕ್ಕೆ ನಿಲ್ಲುತ್ತದೆ. ಅಂಥ ಪುಟಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಪರಿಶೀಲಿಸಬೇಕಾಗಿದೆ.